ತೂಕದಲ್ಲಿ ಮೋಸ

ನಮ್ಮ ಫ್ಲ್ಯಾಟಿನ ಬಾತ್‌ರೂಮ್ ಬಾಗಿಲ ಹತ್ತಿರ ಒಂದು ಟೈಲ್ಸ್ ಸ್ವಲ್ಪ ಕುಸಿದಿದೆ. ತೂಕದ ಮಷಿನ್ ಅದರ ಮೇಲಿಟ್ಟು ನಿಂತರೆ ಬೇರೆ ಕಡೆಗಿಂತ 600 ಗ್ರಾಂ ಕಮ್ಮಿ ತೋರಿಸುತ್ತೆ. ಇದನ್ನು ಕಂಡುಹಿಡಿಯಲು ಒಂದು ಭಾನುವಾರ ಬೆಳಗ್ಗೆ ಪೂರ್ತಿ ಮಷಿನ್ ಹಿಡ್ಕೊಂಡು ಮನೆಯೆಲ್ಲಾ ಸುತ್ತಿದ್ದೆ. ಆಮೇಲೆ ಮಷಿನ್ನಿನ ಕಾಯಂ ಜಾಗ ಅದೇ ಆಯ್ತು.

ಊರಲ್ಲಿ ಅಪ್ಪಯ್ಯ ಅಡಿಕೆ ಮಂಡಿಗೆ ಹೋದರೆ, ಖಾಲಿ ತಕ್ಕಡಿ ಸೊನ್ನೆ ತೋರಿಸುವ ತನಕ ಚೀಲ ಏರಿಸಲು ಬಿಡದ ಮನುಷ್ಯ. ನಾನು ಅವರ ಮಗ!

ಆಗ ನನ್ನ ತೂಕ 96, ಎತ್ತರ 178 ಸೆಂ.ಮೀ. ಆಫೀಸಿನ ಹೆಲ್ತ್ ಚೆಕಪ್ಪಿನಲ್ಲಿ ಇದು ಗೊತ್ತಾಗುವವರೆಗೆ ನನ್ನ ಪ್ರಕಾರ ನನಗೆ 'ಸ್ವಲ್ಪ ಹೊಟ್ಟೆ' ಇತ್ತು, ಅಷ್ಟೆ. ಚಿಕ್ಕಮ್ಮನ ಮಗಳ ಮದುವೆ ಫೋಟೋದಲ್ಲಿ ಮಾವನ ಪಕ್ಕ ನಿಂತಿರೋ ದಪ್ಪನೆಯವರು ಯಾರು ಅಂತ ಹೆಂಡತಿಯನ್ನು ಕೇಳಿ, ಅಂಗಿಯ ಗುರುತು ಹತ್ತಿ ಸುಮ್ಮನಾಗಿದ್ದೆ. ಫೋಟೋಗ್ರಾಫರನಿಗೆ ಕೆಲಸ ಬರಲ್ಲ ಅಂತ ತೀರ್ಮಾನವನ್ನೂ ಕೊಟ್ಟಿದ್ದೆ. ಭಾರತೀಯರ ಬಿಎಂಐ 23ರ ಒಳಗಿರಬೇಕಂತೆ, ನನ್ನದು 30. ಅಂದರೆ 72 ಕಿಲೋಗೆ ಇಳಿಯಬೇಕು.

ಎಕ್ಸೆಲ್ ಶೀಟ್ ತೆರೆದೆ. ತಿಂದಿದ್ದೆಲ್ಲಾ ಬರೆಯೋದು, ಕ್ಯಾಲೊರಿ ಕೂಡಿಸೋದು. ಮೊದಲ ವಾರಕ್ಕೇ ಎರಡೂವರೆ ಕಿಲೋ ಮಾಯ. ಅದರಲ್ಲಿ ಬಹುಪಾಲು ನೀರು ಅಂತ ಆಮೇಲೆ ಓದಿದೆ. ದೇಹದ ಗ್ಲೈಕೋಜನ್ ಖರ್ಚಾದಾಗ ಅದು ಹಿಡಿದಿಟ್ಟ ನೀರೂ ಹೋಗುತ್ತೆ. ನಂತರ ಎರಡು ತಿಂಗಳು ಮುಳ್ಳು ಅಲ್ಲಾಡಲಿಲ್ಲ. ಥೈರಾಯ್ಡೇ ಇರಬೇಕು ಅಂತ ಟೆಸ್ಟ್ ಮಾಡಿಸಿದೆ. ನಾರ್ಮಲ್. ನಿಜ ಹೇಳಬೇಕೆಂದರೆ ಬೇಜಾರಾಯ್ತು.

ಕೊನೆಗೆ ಹೆಂಡತಿ, "ಒಂದು ವಾರ ನಾನು ಬರೀತೀನಿ" ಅಂದಳು. ನನ್ನ ಶೀಟಿನಲ್ಲಿ ದಿನಕ್ಕೆ 1600 ಇದ್ದರೆ ಅವಳದರಲ್ಲಿ 2500. ಮಗಳ ತಟ್ಟೆಯಲ್ಲಿ ಉಳಿದ ದೋಸೆ ನನ್ನ ಲೆಕ್ಕದಲ್ಲಿ ಊಟ ಅಲ್ಲ, ಅನ್ನ ಚೆಲ್ಲಬಾರದೆಂಬ ಸಂಸ್ಕಾರ. ನಾಲ್ಕು ಕಾಫಿಯ ಸಕ್ಕರೆ, ನಿಂತುಕೊಂಡೇ ಬಾಯಿಗೆ ಹಾಕಿಕೊಂಡ ಮಿಕ್ಸ್ಚರ್, ಇವೆಲ್ಲಾ ಎಣಿಕೆಗೇ ಇಲ್ಲ. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂದಿತ್ತು. ಎಷ್ಟೇ ಕಮ್ಮಿ ತಿಂದರೂ ಇಳಿಯಲ್ಲ ಅಂತಿದ್ದವರನ್ನು ಪರೀಕ್ಷಿಸಿದರೆ, ತಿಂದದ್ದನ್ನು 47% ಕಮ್ಮಿ, ವ್ಯಾಯಾಮವನ್ನು 51% ಜಾಸ್ತಿ ಹೇಳಿದ್ದರು. ಬೇಕಂತ ಸುಳ್ಳು ಹೇಳಿದ್ದಲ್ಲ, ಹಾಗೇ ನಂಬಿದ್ದರು. ತನ್ನ ಕೋಡನ್ನು ತಾನೇ ಟೆಸ್ಟ್ ಮಾಡಿ ಪಾಸ್ ಮಾಡಬಾರದು ಅಂತ ಟೀಮಿನ ಹುಡುಗರಿಗೆ ಪಾಠ ಹೇಳೋದು ಮಾತ್ರ ನಾನೇ.

ಟೈಲ್ಸ್ ಬಿಟ್ಟೆ. ಅವಳು ಬರೆದಳು, ನಾನು ನಡೆದೆ. 14 ತಿಂಗಳಿಗೆ 72 ಬಂತು.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಕನ್ನಡಿಯಲ್ಲಿ ಆ 96 ಕಿಲೋದವನೇ ನಿಂತಿದ್ದ. ಬಸ್ಸಿನ ಸೀಟುಗಳ ನಡುವೆ ಈಗಲೂ ಅಡ್ಡಡ್ಡ ತಿರುಗಿಯೇ ಹೋಗುತ್ತಿದ್ದೆ. ಅಂಗಡಿಗೆ ಹೋದರೆ ಕೈ ತಾನಾಗಿ ಎಕ್ಸ್‌ಎಲ್ ಅಂಗಿಗೇ ಹೋಗುತ್ತಿತ್ತು. ಇನ್ನೊಂದು ಎರಡು ಕಿಲೋ, ಇನ್ನೊಂದು ಎರಡು ಅಂತ ರಾತ್ರಿ ಊಟ ಬಿಟ್ಟೆ. ಮೀಟಿಂಗಿನಲ್ಲಿ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ನಿದ್ದೆ ಸಾಲದ್ದಕ್ಕೆ ಅಂದೆ. ಹೊಟ್ಟೆ ಇಲ್ಲದ್ದು ಉಳಿದವರಿಗೆಲ್ಲಾ ಕಾಣುತ್ತಿತ್ತು, ನನಗೆ ಬಿಟ್ಟು. ಅಮ್ಮ ಫೋನಿನಲ್ಲಿ "ಎಷ್ಟು ಸೊರಗಿದ್ಯೋ" ಅನ್ನುತ್ತಿದ್ದಳು. ಅದನ್ನೇ ನಾನು 96 ಇದ್ದಾಗಲೂ ಅಂದವಳು. ಹಾಗಾಗಿ ಅವಳ ಮಾತು ನಿಜವಾದಾಗ ನಾನು ಕೇಳಿಸಿಕೊಳ್ಳಲೇ ಇಲ್ಲ.

ದೀಪಾವಳಿಗೆ ಊರಿಗೆ ಹೋದೆ. ಒಂದೇ ಹೋಳಿಗೆಗೆ ಕೈ ಅಡ್ಡ ಹಿಡಿದೆ. ಅಮ್ಮ ಏನೂ ಹೇಳದೆ ಒಳಗೆ ಹೋದಳು. ಮಧ್ಯಾಹ್ನ ಅಪ್ಪಯ್ಯ ಅಡಿಕೆ ತೂಗುವ ಮಷಿನ್ ಅಂಗಳಕ್ಕೆ ಎಳೆದು ತಂದರು. ಮಟ್ಟಸ ನೋಡಿದರು. ಸೊನ್ನೆ ನೋಡಿದರು. 20 ಕಿಲೋ ಬಟ್ಟು ಇಟ್ಟು ಇನ್ನೊಮ್ಮೆ ನೋಡಿದರು.

"ಹತ್ತು."

61.5.

"ನಮ್ಮ ಚೀಲಕ್ಕೆ 65 ತುಂಬ್ತೀವಿ" ಅಂದರು ಅಪ್ಪಯ್ಯ. "ಮೂರೂವರೆ ಕಿಲೋ ಕಮ್ಮಿ ಬಂತಲ್ಲೋ."

ನನಗೆ ನಗು ಬಂತು, ಅವರು ನಗಲಿಲ್ಲ. ಒಳಗೆ ಹೋಗಿ ಅಮ್ಮನ ಹತ್ತಿರ ಎರಡನೇ ಹೋಳಿಗೆ ಕೇಳಿ ತಿಂದೆ. ರಾತ್ರಿ ಶೀಟಿನಲ್ಲಿ ಬರೆದೆ, ತುಪ್ಪದ ಸಮೇತ.