ಹೆಜ್ಜಾರ್ಲೆಯ ಚೀಲದಲ್ಲಿ ಏನಿದೆ?

ಪ್ರತಿ ವರ್ಷ ಜನವರಿಯಿಂದ ಏಪ್ರಿಲ್‌ವರೆಗೆ ನನ್ನ ಭಾನುವಾರಗಳು ಮನೆಯವರ ಪಾಲಿಗಿಲ್ಲ. ಬೆಳಗಿನ ಮೊದಲ ಬಸ್ಸು ಹಿಡಿದು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗುತ್ತೇನೆ. ಹಕ್ಕಿ ನೋಡಲು ಬರುವ ಶಾಲಾ ಮಕ್ಕಳಿಗೆ, ಅವರ ತಂದೆತಾಯಿಯರಿಗೆ ವಿವರಣೆ ಕೊಡುವುದು ಅಲ್ಲಿ ನನ್ನ ಕೆಲಸ. ಸಂಬಳವಿಲ್ಲ. ತಲೆಗೊಂದು ಟೋಪಿ, ಕೊರಳಿಗೊಂದು ದುರ್ಬೀನು, ಮಧ್ಯಾಹ್ನ ಯಾರದಾದರೂ ಮನೆಯ ಮುದ್ದೆ. ವಾರವಿಡೀ ತರಗತಿಯಲ್ಲಿ ಹೇಳಿದ್ದು ಸಾಲದೆ ರಜೆಯಲ್ಲೂ ಹೇಳಬೇಕೆ ಎಂದು ಹೆಂಡತಿ ಕೇಳುತ್ತಾಳೆ. ಅಲ್ಲಿ ನಾನು ಹೇಳಿದ್ದಕ್ಕಿಂತ ಹೇಳಿಸಿಕೊಂಡದ್ದೇ ಹೆಚ್ಚು ಎಂಬುದನ್ನು ಅವಳಿಗೆ ಇನ್ನೂ ತಿಳಿಸಿಲ್ಲ.

ಬಂದವರು ಮೊದಲು ಕೇಳುವ ಪ್ರಶ್ನೆ, "ಸಾರ್, ಕೆರೆ ಎಲ್ಲಿ?" (ಎರಡನೆಯದು, ಶೌಚಾಲಯ ಎಲ್ಲಿ.) ಪಕ್ಷಿಧಾಮವೆಂದರೆ ನೀರು, ದೋಣಿ, ಟಿಕೆಟ್ ಎಂದು ತಿಳಿದು ಬಂದಿರುತ್ತಾರೆ. ಇಲ್ಲಿ ಗೂಡುಗಳಿರುವುದು ಊರೊಳಗೆ, ಹೆಂಚಿನ ಮನೆಗಳ ತಲೆಯ ಮೇಲೆ, ಹುಣಿಸೆ ಮರಗಳಲ್ಲಿ. ಮೀನಿಗಾಗಿ ಹಕ್ಕಿಗಳು ಸುತ್ತಲ ಕೆರೆಗಳಿಗೆ ಹಾರಿಹೋಗಿ ಬರುತ್ತವೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಈ ಊರಿನತ್ತ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು 1976ರಲ್ಲಿ ಹೊರಗಿನವರ ಗಮನ ಸೆಳೆದರು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಎಂದು ಘೋಷಿಸಿತು. ಊರಿನವರು ಇವಕ್ಕೆಲ್ಲ ಕಾದವರಲ್ಲ. ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ ಎನ್ನುತ್ತಾರೆ. ಹುಣಿಸೆ ಬಡಿಯುವ ಕಾಲವೂ ಅದೇ ಆದ್ದರಿಂದ ಗೂಡಿರುವ ಮರದ ಫಸಲನ್ನು ಬಿಟ್ಟುಕೊಟ್ಟವರು ಅವರು. ಅರಣ್ಯ ಇಲಾಖೆಯ ಪರಿಹಾರ ಬಂದದ್ದು ಆಮೇಲೆ.

ಮೊದಲ ವರ್ಷದ ಮಾತು. ಒಂದು ಶಾಲೆಯ ಮಕ್ಕಳನ್ನು ಮರದ ಕೆಳಗೆ ನಿಲ್ಲಿಸಿಕೊಂಡು, "ನೋಡಿ, ಹೆಜ್ಜಾರ್ಲೆಯ ಕೊಕ್ಕಿನ ಕೆಳಗಿರುವುದು ಚೀಲ. ಕೆರೆಯಲ್ಲಿ ಹಿಡಿದ ಮೀನನ್ನು ಅದರಲ್ಲಿ ತುಂಬಿಕೊಂಡು ಮರಿಗಳಿಗೆ ತರುತ್ತದೆ" ಎಂದೆ. ತರಗತಿಯಲ್ಲಿ ಇಪ್ಪತ್ತು ವರ್ಷ ಹೇಳಿದ ವಾಕ್ಯ, ಸರಾಗವಾಗಿ ಬಂತು. ಜಗಲಿಯ ಮೇಲೆ ಹುಣಿಸೆಹಣ್ಣು ಬಿಡಿಸುತ್ತಿದ್ದ ಅಜ್ಜಿಯೊಬ್ಬರು ತಲೆಯೆತ್ತದೆಯೇ ಅಂದರು:

"ಆ ಚೀಲ್ದಾಗೆ ಮೀನ ಮಡಗಾಕಿಲ್ಲ ಕಣ್ ಮೇಷ್ಟ್ರೇ. ಹಿಡಿದೇಟ್ಗೆ ನುಂಗ್ಬುಡ್ತದೆ. ಮರಿ ಬಂದು ಗಂಟ್ಲೊಳೀಕೆ ತಲೆ ಹಾಕ್ದಾಗ ಕಕ್ಕಿ ಕೊಡ್ತದೆ."

ಮಕ್ಕಳು ನಕ್ಕರು. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು. ಬಿ.ಎಸ್‌ಸಿ., ಬಿ.ಎಡ್. ಮಾಡಿದವನಿಗೆ ಶಾಲೆ ಕಾಣದ ಅಜ್ಜಿ ತಿದ್ದುವುದೆಂದರೆ? ಮಕ್ಕಳ ಬಸ್ಸು ಹೋದ ಮೇಲೆ ಅದೇ ಜಗಲಿಯಲ್ಲಿ ಕುಳಿತು ಎರಡು ಗಂಟೆ ಒಂದೇ ಗೂಡನ್ನು ನೋಡಿದೆ. ಹಕ್ಕಿ ಬಂದಿಳಿದಾಗ ಚೀಲ ಖಾಲಿ, ಜೋತುಬಿದ್ದ ಚರ್ಮ ಅಷ್ಟೆ. ಮರಿ ಕತ್ತಿನವರೆಗೂ ತಾಯಿಯ ಬಾಯಿಗೆ ತಲೆ ತುರುಕಿತು. ಮನೆಗೆ ಹೋಗಿ ಪುಸ್ತಕ ತೆರೆದರೆ ಅಲ್ಲೂ ಅದೇ ಇತ್ತು. ಆ ಚೀಲ ಮೀನು ಹಿಡಿಯುವ ಬಲೆ. ನೀರಿನ ಸಮೇತ ಗೋರಿ, ಕೊಕ್ಕನ್ನು ಬಾಗಿಸಿ ನೀರು ಬಸಿದು, ಮೀನನ್ನು ನುಂಗುತ್ತದೆ. ಇನ್ನೊಂದು ಉಪಯೋಗವೂ ಉಂಟು. ಏಪ್ರಿಲ್ ಬಿಸಿಲಿನಲ್ಲಿ ಬಾಯಿ ತೆರೆದು ಆ ಚರ್ಮವನ್ನು ಪಟಪಟ ಅದುರಿಸುತ್ತದೆ. ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಒದ್ದೆ ಚರ್ಮದಿಂದ ನೀರು ಆವಿಯಾದಂತೆ ಮೈ ತಂಪಾಗುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಾಗುವ ಪಾಠವೇ ಇದು.

ಅಂದಿನಿಂದ ಸರಿಯಾದುದನ್ನೇ ಹೇಳುತ್ತಿದ್ದೇನೆ. ಹಿಂದಿನ ಇಪ್ಪತ್ತು ವರ್ಷಗಳ ಮಕ್ಕಳ ಗತಿ?

ಅದಕ್ಕೂ ಒಂದು ಭಾನುವಾರ ಬಂತು. ನನ್ನಲ್ಲಿ ಓದಿ ಈಗ ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಹುಡುಗ ಆರೇಳು ವರ್ಷದ ಮಗಳನ್ನು ಕರೆತಂದಿದ್ದ. ನನ್ನನ್ನು ಕಂಡವನೇ ಕಾಲಿಗೆರಗಿ, ಮಗಳಿಗೆ ಹೆಮ್ಮೆಯಿಂದ, "ಪುಟ್ಟಿ, ಆ ಚೀಲದ ತುಂಬ ಮೀನಿರತ್ತೆ. ನನಗೆ ಹೇಳಿಕೊಟ್ಟಿದ್ದು ಇವರೇ" ಎಂದ. ಸುಮ್ಮನಿದ್ದುಬಿಡಬಹುದಿತ್ತು. ಮಗಳ ಎದುರು ಅಪ್ಪನ ಮಾತು ತೆಗೆದುಹಾಕುವುದೂ ಕಷ್ಟ, ಶಿಷ್ಯನ ಎದುರು ಮೇಷ್ಟ್ರು ಸಣ್ಣವನಾಗುವುದೂ ಕಷ್ಟ. ಗಂಟಲು ಸರಿಮಾಡಿಕೊಂಡು, "ಇಲ್ಲಪ್ಪ, ಅದು ತಪ್ಪು. ನಾನೇ ನಿನಗೆ ತಪ್ಪು ಹೇಳಿಕೊಟ್ಟಿದ್ದೆ" ಎಂದು ಎಲ್ಲ ವಿವರಿಸಿದೆ.

ಅವನು ಒಂದು ಕ್ಷಣ ಪೆಚ್ಚಾದ. ಆಮೇಲೆ, "ಹಾಗಾದ್ರೆ ಪರೀಕ್ಷೆಯಲ್ಲಿ ಕೊಟ್ಟ ಎರಡು ಅಂಕ ವಾಪಸ್ ತಗೊಳ್ತೀರಾ ಸಾರ್?" ಎಂದು ನಕ್ಕ.

ಮಗುವಿಗೆ ನಗು ಬರಲಿಲ್ಲ. "ತಾತ, ನಿಮಗೆ ಯಾರು ಹೇಳಿದ್ದು?"

ಜಗಲಿಯತ್ತ ಕೈ ತೋರಿಸಿದೆ. ಅವಳು ಓಡಿಹೋಗಿ, "ಅಜ್ಜಿ, ನೀವು ಯಾವ ಸ್ಕೂಲ್ ಮಿಸ್ಸು?" ಎಂದು ಕೇಳಿದಳು. ಅಜ್ಜಿ ಹುಣಿಸೆ ಅಂಟಿದ ಬೆರಳಿನಿಂದ ಮೇಲಕ್ಕೆ ತೋರಿಸಿ, "ನಂದು ಇದೇ ಮರ ಕಣವ್ವ. ಕೂತ್ಕೋ ಬಾ, ಈಗ ಬತ್ತದೆ ನೋಡು" ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು.