ಮರವೇ ಹೇಳಿದ ವಯಸ್ಸು

ನಮ್ಮ ಊರುಗಳಲ್ಲಿ ಹಳೇ ಮನೆಯ ವಯಸ್ಸು ಕೇಳಿದರೆ ‘ಅಜ್ಜನ ಅಜ್ಜನ ಕಾಲದ್ದು’ ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಅಮೆರಿಕದ ಬಾಸ್ಟನ್ ಹತ್ತಿರದ ಡೆಡ್‌ಹ್ಯಾಮ್‌ನಲ್ಲಿರುವ ಫೇರ್‌ಬ್ಯಾಂಕ್ಸ್ ಮನೆಯ ಬಗ್ಗೆ ಓದುವಾಗ ನಮಗೆ ಹಿಡಿಸಿದ್ದು ಇದೇ ಸಂಗತಿ. ಅಲ್ಲಿ ವಯಸ್ಸನ್ನು ತೊಲೆಗಳೇ ಹೇಳಿವೆ.

ಮಳೆ ಚೆನ್ನಾಗಿ ಬಂದ ವರ್ಷ ಮರದೊಳಗಿನ ಉಂಗುರ ದಪ್ಪ, ಬರ ಬಿದ್ದರೆ ತೆಳು. ತೊಲೆಯಿಂದ ಸಣ್ಣ ತುಣುಕು ಕೊರೆದು ತೆಗೆದು, ಈ ದಪ್ಪ-ತೆಳುವಿನ ಸಾಲನ್ನು ಅದೇ ಸೀಮೆಯ, ವರ್ಷ ಗೊತ್ತಿರುವ ಮರಗಳ ಸಾಲಿನ ಜೊತೆ ತಾಳೆ ನೋಡುತ್ತಾರೆ. ತೊಗಟೆಯಂಚು ಉಳಿದಿದ್ದರೆ ಮರ ಕಡಿದ ವರ್ಷವೇ ಸಿಗುತ್ತದೆ. ಹಾಗೆ ಗೊತ್ತಾಗಿದ್ದು, ಮನೆ 1637ರಿಂದ 1641ರ ನಡುವಿನದು ಎಂದು. ಇಂಗ್ಲೆಂಡಿನಿಂದ ಬಂದ ಜೊನಾಥನ್ ಮತ್ತು ಗ್ರೇಸ್ ಫೇರ್‌ಬ್ಯಾಂಕ್ಸ್ ದಂಪತಿಯ ಮನೆ ಇದು. ಉತ್ತರ ಅಮೆರಿಕದಲ್ಲಿ ಉಳಿದಿರುವ ಮರದ ಚೌಕಟ್ಟಿನ ಮನೆಗಳಲ್ಲೇ ಅತಿ ಹಳೆಯದು ಎನ್ನುತ್ತಾರೆ. (ಆ ನೆಲ ಅದಕ್ಕೂ ಮೊದಲು ಮೂಲನಿವಾಸಿಗಳದ್ದು. ಅವರು ತೊಗಟೆ, ಚಾಪೆ ಹೊದಿಸಿ ಕಟ್ಟುತ್ತಿದ್ದ ಮನೆಗಳಿಗೆ ಈ ‘ಅತಿ ಹಳೆಯ’ ಪಟ್ಟಿಯಲ್ಲಿ ಜಾಗವಿಲ್ಲ.)

ಇಲ್ಲಿ ಭಾರ ಹೊರುವುದು ಗೋಡೆಯಲ್ಲ, ಓಕ್ ಮರದ ಚೌಕಟ್ಟು. ಒಂದು ತೊಲೆಯ ತುದಿಯನ್ನು ನಾಲಿಗೆಯ ಹಾಗೆ ಕೆತ್ತಿ, ಇನ್ನೊಂದರ ತೂತಿಗೆ ಕೂರಿಸಿ, ಅಡ್ಡಲಾಗಿ ಮರದ ಗೂಟ ಬಡಿದಿದ್ದಾರೆ. ಓಕ್ ಹಸಿಯಿದ್ದಾಗಲೇ ಕೆತ್ತುವುದು ರೂಢಿ. ಒಣಗುತ್ತಾ ಕುಗ್ಗಿ ಅದು ಗೂಟವನ್ನು ಕಚ್ಚಿಕೊಳ್ಳುತ್ತದೆ. ನಮ್ಮ ಆಚಾರಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಡುವೆ ದೊಡ್ಡ ಚಿಮಣಿ, ಎರಡೂ ಬದಿಯ ಕೋಣೆಗಳಿಗೆ ಅದರದೇ ಕಾವು. ಆಮೇಲೆ ಹಿಂದೊಂದು ಮಾಡು, ಪಕ್ಕಕ್ಕೊಂದು ಕೋಣೆ ಎಂದು ಸಂಸಾರ ಬೆಳೆದ ಹಾಗೆ ಮನೆಯೂ ಬೆಳೆದಿದೆ. ಸೂರಿನ ಬೆನ್ನು ಈಗ ಮುದಿ ಎತ್ತಿನದರಂತೆ ಬಾಗಿದೆ, ಆದರೂ ನಿಂತಿದೆ.

ಗೋಡೆಯೊಳಗೆ ಬಚ್ಚಿಟ್ಟ ಹಳೇ ಶೂಗಳೂ ಸಿಕ್ಕಿವೆಯಂತೆ, ಕೆಟ್ಟದ್ದು ಒಳಗೆ ಬಾರದಿರಲಿ ಎಂದು. ದೃಷ್ಟಿಗೆ ಬೂದುಗುಂಬಳ ಕಟ್ಟುವ ನಮಗೆ ನಗಲು ಏನಿದೆ?

ಎಂಟು ತಲೆಮಾರು ಒಂದೇ ಮನೆತನ ಅಲ್ಲಿ ಬಾಳಿತು. ಕೊನೆಯವಳು ರೆಬೆಕ್ಕಾ. ಹಣದ ಮುಗ್ಗಟ್ಟಿಗೆ ಮನೆ ಕೈಬಿಟ್ಟಿತ್ತು. ಮನೆ ಉಳಿಯಲಿ ಎಂದು ಬೇರೆಯವರು ಕೊಂಡರು, ಆಮೇಲೆ 20ನೇ ಶತಮಾನದ ಆರಂಭದಲ್ಲಿ ಅದೇ ವಂಶದವರು ಸಂಘ ಕಟ್ಟಿಕೊಂಡು ವಾಪಸ್ ಪಡೆದರು. ಈಗ ಅದು ಮ್ಯೂಸಿಯಂ.

ಗಟ್ಟಿ ಓಕ್ ಮಾತ್ರ ಆ ಮನೆಯನ್ನು ಉಳಿಸಲಿಲ್ಲ ಅಂತ ನಮಗನಿಸುತ್ತದೆ. ಮಲೆನಾಡಿನ ಹಲಸಿನ ಕಂಬಗಳೂ ಗಟ್ಟಿಯೇ. ಅಣ್ಣತಮ್ಮಂದಿರ ಪಾಲಾದ ಮೇಲೆ ಹಂಚು ಬದಲಿಸುವವರು ಯಾರು ಎಂಬಲ್ಲಿಗೆ ಮಾತು ನಿಲ್ಲುತ್ತದೆ, ಮುಂದಿನ ಬೇಸಿಗೆಗೆ ಕಂಬ ಲಾರಿ ಹತ್ತುತ್ತದೆ.