ಮನಸ್ಸಿನ ಓದಿಗೆ ಲೆಕ್ಕವೇಕೆ?

ಮನಶ್ಶಾಸ್ತ್ರ ಎಂದರೆ ಕಡೂರು, ತರೀಕೆರೆ ಕಡೆ ಹಲವರಿಗೆ ಇನ್ನೂ 'ಹುಚ್ಚರ ಓದು'. ಅಜ್ಜಂಪುರದಲ್ಲಿರುವ ನನ್ನಣ್ಣನ ಮಗಳು ಬಿ.ಎ.ಗೆ ಅದೇ ಬೇಕೆಂದಾಗ, "ನಾಳೆ ಇವಳಿಗೆ ಗಂಡು ಸಿಗಬೇಡವೇ?" ಎಂದ ಅಣ್ಣ.

ಪಠ್ಯಕ್ರಮ ತರಿಸಿ ನೋಡಿದೆ. ಮನೋರೋಗಕ್ಕೆ ಅಲ್ಲಿ ಒಂದು ಪಾಲಷ್ಟೇ. ಉಳಿದದ್ದು ಮಿದುಳು, ನರಮಂಡಲ, ಕಲಿಕೆ, ನೆನಪು, ಮಗುವಿನ ಬೆಳವಣಿಗೆ, ಗುಂಪಿನಲ್ಲಿ ಮನುಷ್ಯ ಬದಲಾಗುವ ಬಗೆ. ಪ್ರಯೋಗಾಲಯವೂ ಉಂಟು. ಜೊತೆಗೆ ಸಂಖ್ಯಾಶಾಸ್ತ್ರ! ಲೆಕ್ಕಕ್ಕೆ ಹೆದರಿ ಕಲಾ ವಿಭಾಗ ಸೇರಿದವರು ಬೆಚ್ಚುವುದು ಇಲ್ಲೇ. ಆದರೆ ಲೆಕ್ಕವಿಲ್ಲದಿದ್ದರೆ ಅದು ಶಾಸ್ತ್ರವಲ್ಲ, ಕಟ್ಟೆಯ ಮಾತು. ಜರ್ಮನಿಯ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯಿತೆಂದು ಅಳೆದು 1885ರಲ್ಲೇ ಪ್ರಕಟಿಸಿದ. ಪರೀಕ್ಷೆಯ ಹಿಂದಿನ ರಾತ್ರಿ ಉರುಹೊಡೆಯುವವರು ಓದಬೇಕಾದ ಪಾಠವಿದು.

ಇದೇನು ಹೊಸ ಷೋಕಿಯಲ್ಲ. ಮೈಸೂರಿನಲ್ಲಿ 1924ರಲ್ಲೇ ಈ ವಿಭಾಗ ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಲ್ಲೇ 'ಆಕಾಶವಾಣಿ' ಆರಂಭಿಸಿದವರೂ ಅವರೇ. ಹುಚ್ಚೆನ್ನುವುದಾದರೆ ಇಂಥದ್ದು ಇರಲಿ!

ಆದರೆ ಅಣ್ಣನಿಗೆ ಒಂದು ಮಾತು ಮುಚ್ಚಿಡದೆ ಹೇಳಿದೆ: ಬಿ.ಎ. ಮುಗಿಸಿದ ಮಾತ್ರಕ್ಕೆ ಬೋರ್ಡು ಹಾಕಿ ಚಿಕಿತ್ಸೆಗೆ ಕೂರುವಂತಿಲ್ಲ; ಸ್ನಾತಕೋತ್ತರ ಪದವಿ, ಅದರ ಮೇಲೆ ತರಬೇತಿ ಬೇಕು. ಹಾಸ್ಟೆಲ್ಲಿನ ಖರ್ಚನ್ನು ಮೂರೇ ವರ್ಷಕ್ಕೆ ಲೆಕ್ಕ ಹಾಕಬೇಡ.